ಹಂಸಾಳ ಬೆನ್ನ ಹಿಂದಿನ ಸಾಲು

"ರೀ! ನನ್ನ ಮುಖದ ಮೇಲೆ ನಿಮ್ಮ ಮುಖ ಅಂಟಿಸ್ತಾ ಇದ್ದೀರಲ್ಲ, ಕಣ್ಣು ಕಾಣಲ್ವಾ?"

ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ಶಾಲೆಯ ಗೇಟಿನಲ್ಲಿ ಹಂಸಾ ಕೂಗಿದ ಕೂಗಿಗೆ ಗಾರ್ಡ್ ಕೂಡ ಬೆಚ್ಚಿಬಿದ್ದ. ಗೋಂದಿನ ಡಬ್ಬಿ ಹಿಡಿದಿದ್ದ ಗಂಡಸು ತಿರುಗಿ ನೋಡಿದ. ನಲವತ್ತರ ಹತ್ತಿರದ ವಯಸ್ಸು, ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು.

ನೋಟಿಸ್ ಬೋರ್ಡಿನ ಚುನಾವಣಾ ಪೋಸ್ಟರಿನಲ್ಲಿ ಹಂಸಾಳ ಹಣೆ ಮಾತ್ರ ಉಳಿದಿತ್ತು. ಅದರ ಕೆಳಗೆಲ್ಲ ಅವನೇ!

"ಅಯ್ಯೋ... ಸಾರಿ ಮೇಡಂ. ಗಾಳಿಗೆ ಜಾರಿಬಿಡ್ತು."

"ಗಾಳಿಯಂತೆ! ಸರಿಯಾಗಿ ನನ್ನ ಮೂಗಿನ ಮೇಲೇ ಜಾರ್ತಾ?"

ಅವನು ನಗು ತಡೆಯಲು ನೋಡಿದ, ಆಗಲಿಲ್ಲ. "ಈಗ ಕಿತ್ರೆ ಎರಡೂ ಹರಿಯುತ್ತೆ. ಏನ್ ಮಾಡ್ಲಿ, ನೀವೇ ಹೇಳಿ."

ಹಂಸಾ ಸರಕ್ಕನೆ ತಿರುಗಿ ನಡೆದಳು. ತಿರುವಿನವರೆಗೂ ಸಿಟ್ಟಿತ್ತು. ತಿರುವು ದಾಟಿದ ಮೇಲೆ ಯಾಕೋ ನಗು ಬಂತು.

ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರಿಗೆ ಇದ್ದದ್ದು ಒಂದೇ ಸೀಟು. ಆ ವರ್ಷ ಅದಕ್ಕೆ ನಿಂತವರು ಇಬ್ಬರು.

ಗೋಂದಿನ ಡಬ್ಬಿಯ ಅನುರಾಗ್ ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್. ಹೆಂಡತಿ ತೀರಿಕೊಂಡು ಐದು ವರ್ಷ, ಮಗಳು ಏಳನೆಯ ತರಗತಿ. ಹೊಸ ಕಂಪ್ಯೂಟರ್ ಕೋಣೆ ಮಾಡಿಸುತ್ತೇನೆಂದು ಹೊರಟಿದ್ದ. ಅದಕ್ಕೆ ಗುರುತು ಮಾಡಿದ್ದ ಜಾಗ, ಮೆಟ್ಟಿಲ ಕೆಳಗಿನ ಓದುವ ಕೋಣೆ.

ಹಂಸಾ ನಿಂತದ್ದು ಆ ಕೋಣೆ ಉಳಿಸುವುದಕ್ಕೇ. ಓದು ಹತ್ತದ ಹನ್ನೊಂದು ಮಕ್ಕಳು ದಿನವೂ ಅಲ್ಲಿ ಕೂರುತ್ತಿದ್ದರು. ಹನ್ನೊಂದರಲ್ಲಿ ಒಬ್ಬಳು ಅವಳ ಕಾತ್ಯಾಯಿನಿ.

ಒಂದು ಸಂಜೆ ಹಂಸಾ ಆಸ್ಪತ್ರೆಯ ಲ್ಯಾಬ್ ಕೆಲಸ ಮುಗಿಸಿ ಹೊರಟಾಗ ಅವಳು ಹತ್ತಿದ್ದ ಬಾಡಿಗೆ ವ್ಯಾನು, ಮಟಾಟು, ನಡುದಾರಿಯಲ್ಲಿ ಕೆಟ್ಟು ನಿಂತಿತು. ಪಕ್ಕದಲ್ಲಿ ಅನುರಾಗನ ಕಾರು ಬಂದು ನಿಂತಿತು.

"ಬನ್ನಿ ಮೇಡಂ. ಓಟು ಕೇಳಲ್ಲ, ಪ್ರಾಮಿಸ್!"

ಟ್ರಾಫಿಕ್ ಅಲ್ಲಾಡಲಿಲ್ಲ. ಮಾತು ಮಾತ್ರ ಎಲ್ಲೆಲ್ಲಿಗೋ ಹೋಯಿತು. ಯಾರಿಗೂ ಹೇಳದೇ ಇದ್ದದ್ದನ್ನು ಹಂಸಾ ಅಂದು ಹೇಳಿಬಿಟ್ಟಳು.

"ಕಾತ್ಯಾ ನನ್ನ ಅಕ್ಕನ ಮಗಳು. ಅಕ್ಕ ಹೋದಾಗ ಅವಳಿಗೆ ನಾಲ್ಕು ವರ್ಷ. ಭಾವ ಇನ್ನೊಂದು ಮದುವೆಯಾಗಿ ದೂರ ಹೋದ್ರು. ನಾನು ಮೈಸೂರಿಂದ ಹದಿನೈದು ದಿನಕ್ಕೆ ಅಂತ ಬಂದವಳು... ಇನ್ನೂ ವಾಪಸ್ ಹೋಗಿಲ್ಲ ನೋಡಿ."

ಅನುರಾಗ್ ರೇಡಿಯೋ ಆರಿಸಿದ. ಅವಳ ಕಡೆ ತಿರುಗಿ ಕೂತ.

ಇವರು ಕೇಳಿಸ್ಕೊತಾರೆ... ಎಂದುಕೊಂಡಳು ಹಂಸಾ. ಎಷ್ಟು ವರ್ಷವಾಗಿತ್ತು, ಯಾರಾದರೂ ಹೀಗೆ ಕೇಳಿಸಿಕೊಂಡು!

ಒಂದು ವಾರ ಕಳೆದಿರಲಿಲ್ಲ. ಹೆಡ್ ಮಾಸ್ಟರ್ ಪೀಟರ್ ಅವಳನ್ನು ಕರೆಸಿ ಒಂದು ದೂರಿನ ಪತ್ರ ತೋರಿಸಿದರು. 'ಹಂಸಾ ಮಗುವಿನ ತಾಯಿಯಲ್ಲ. ಅರ್ಜಿಯಲ್ಲಿ ಸುಳ್ಳು ಬರೆದಿದ್ದಾರೆ. ಅವರು ನಿಲ್ಲುವಂತಿಲ್ಲ.'

ನಿಜ. ಕಾತ್ಯಾಳನ್ನು ಶಾಲೆಗೆ ಸೇರಿಸಿದ ದಿನ, ತಾಯಿಯ ಹೆಸರು ಕೇಳಿದ ಕಡೆ ಹಂಸಾ ತನ್ನ ಹೆಸರನ್ನೇ ಬರೆದಿದ್ದಳು. ಮೋಸಕ್ಕಲ್ಲ. ಅಕ್ಕ ಹೋದ ಮನೆಯಲ್ಲಿ ಚಿಕ್ಕಮ್ಮನೇ ತಾಯಿ ಅಲ್ಲವೇ? ಅದನ್ನು ಬೇರೆ ಬಿಡಿಸಿ ಹೇಳಬೇಕೆಂದು ನಮ್ಮವರಿಗೆ ಯಾರಿಗೆ ತೋಚುತ್ತದೆ?

ಅವಳು ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟಳು. ಇದು ಗೊತ್ತಿದ್ದದ್ದು ಒಬ್ಬರಿಗೇ...

ಫೋನಿನಲ್ಲಿ ಅವಳ ದನಿ ಗಟ್ಟಿಯಾಗಿತ್ತು. "ಸೀಟಿಗೋಸ್ಕರ ನನ್ನ ಅಕ್ಕನ ಸಾವನ್ನೂ ಬಿಡಲಿಲ್ವಲ್ಲ ನೀವು!"

"ಹಂಸಾ ಅವರೇ, ಯಾವ ಪತ್ರ? ಒಂದ್ನಿಮಿಷ..."

ಫೋನು ಇಟ್ಟಾಗಿತ್ತು. ಆಮೇಲೆ ಅವನು ಎಷ್ಟು ಸಲ ಮಾಡಿದರೂ ಅವಳು ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಆಟದ ಬಯಲಿನಲ್ಲಿ ಪೋಷಕರೆಲ್ಲ ಸೇರಿದರು. ಆ ಶಾಲೆಯಲ್ಲಿ ಓಟಿಗೆ ಚೀಟಿಯಿಲ್ಲ. ನಿಂತ ಇಬ್ಬರೂ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಒಪ್ಪಿದವರು ಅವರ ಬೆನ್ನ ಹಿಂದೆ ಸಾಲು ಕಟ್ಟಬೇಕು. ತಿರುಗಿ ನೋಡುವಂತಿಲ್ಲ.

ಪೀಟರ್ ಮೊದಲು ದೂರನ್ನು ಓದಿ ಹಂಸಾಳತ್ತ ನೋಡಿದರು. ಅವಳು ಎದ್ದು ಇಂಗ್ಲಿಷಿನಲ್ಲಿ ಹೇಳಿದಳು: "ಹೆತ್ತವಳು ನಾನಲ್ಲ. ಆದರೆ ತಾಯಿ ಹೋದ ಮೇಲೆ ಆ ಮಗು ಒಂದಕ್ಷರ ಓದಲಿಲ್ಲ. ಓದುವ ಕೋಣೆಯಲ್ಲಿ ಮೂರು ವರ್ಷ ಕೂತಳು. ಹೋದ ತಿಂಗಳು ಮೊದಲ ಸಲ ನನಗೇ ಕಥೆ ಓದಿ ಹೇಳಿ ಮಲಗಿಸಿದಳು. ಆ ಕೋಣೆಗಾಗಿ ನಿಂತಿದ್ದೇನೆ. ಅರ್ಜಿಯಲ್ಲಿ ಬರೆದದ್ದು ತಪ್ಪಾದರೆ, ಕ್ಷಮಿಸಿ."



ಅನುರಾಗ್ ಎದ್ದ.

"ತಪ್ಪು ನನ್ನದು. ಅವರು ನಂಬಿ ಹೇಳಿದ್ದನ್ನು ನಾನು ಗೆಳೆಯನ ಹತ್ತಿರ ಹೇಳಿದೆ. ಇಂಥ ಹೆಂಗಸನ್ನು ನೋಡೇ ಇಲ್ಲ ಅಂತ ಹೊಗಳುವಾಗ ಬಾಯಿಂದ ಬಂತು. ಹೊಗಳಿಕೆ ದೂರಾಗಿ ಇಲ್ಲಿಗೆ ಬಂದಿದೆ."

ಅವನ ಪರವಾಗಿ ಮನೆಮನೆ ತಿರುಗಿದ್ದ ಗೆಳೆಯ ಶ್ರೀನಿವಾಸ್ ತನ್ನ ಬೂಟನ್ನೇ ನೋಡುತ್ತ ನಿಂತ.

ಹೊಗಳುವಾಗಲಾ...? ಹಂಸಾಳ ಕಿವಿ ಬಿಸಿಯಾಯಿತು.

"ಮಗುವನ್ನು ಸಾಕುವವರೇ ನಮಗೆ ಪೋಷಕರು," ಎಂದರು ಪೀಟರ್. "ದೂರು ಮುಗಿಯಿತು. ಸಾಲು ಕಟ್ಟಿ!"

ಗೋಡೆಗೆ ಮುಖ ಮಾಡಿ ನಿಂತ ಹಂಸಾಳ ಹಿಂದೆ ಮೊದಲ ಹೆಜ್ಜೆಯ ಸಪ್ಪಳ ಕೇಳಿತು. ತೀರಾ ಹತ್ತಿರದಿಂದ ಒಂದು ದನಿ.

"ಹಂಸಾ ಅವರೇ... ನನ್ನದೊಂದು ಓಟು."

"ಹೋಗ್ರೀ ವಾಪಸ್!" ಅವಳು ಗೋಡೆಗೇ ಗದರಿದಳು. "ನೀವು ಬಿಟ್ಟುಕೊಟ್ಟ ಸೀಟು ನಂಗೆ ಬೇಡ. ಅಲ್ಲಿ ನಿಂತು ನನ್ನ ಹತ್ರ ಸೋಲಿ!"

"ಸೋತೇ ಬಹಳ ದಿನ ಆಯ್ತು," ಎಂದು ಮೆಲ್ಲಗೆ ಹೇಳಿ ಅವನು ತನ್ನ ಜಾಗಕ್ಕೆ ಹೋದ.

ಗೋಡೆಯ ಸುಣ್ಣ ನೋಡುತ್ತಲೇ ಹಂಸಾ ನಕ್ಕಳು. ಯಾರಿಗೂ ಕಾಣಲಿಲ್ಲ, ಸದ್ಯ!

ಹಿಂದೆ ಧೂಳೆದ್ದಿತು. ಹೆಜ್ಜೆಗಳು ಅತ್ತ ಹೋದವು, ಇತ್ತ ಬಂದವು. ನಡುವೆ ಶ್ರೀನಿವಾಸನ ಹೆಂಡತಿ ಶಾಂತಾಳ ದನಿ ಎಲ್ಲರಿಗೂ ಕೇಳಿಸಿತು.

"ನೀವು ಇಲ್ಲೇ ನಿಂತಿರಿ. ನಾನು ಆ ಕಡೆ ಹೊರಟೆ!"

"ಏ ಶಾಂತಾ! ಜನ ನೋಡ್ತಾರೆ ಕಣೇ..."

"ನೋಡ್ಲಿ ಅಂತಾನೇ ಸಾಲು ಮಾಡ್ಸಿರೋದು. ಪತ್ರ ಬರೆಯೋವಾಗ ನನ್ನ ಕೇಳಿದ್ರಾ?"

ಪೀಟರ್ ತಲೆ ಎಣಿಸಿದರು. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದರು. ಅನುರಾಗನ ಹಿಂದೆ ಎಪ್ಪತ್ತೊಂದು. ಹಂಸಾಳ ಹಿಂದೆ ಎಪ್ಪತ್ತನಾಲ್ಕು!

ಅವಳು ಈಗ ತಿರುಗಿದಳು. ಅಷ್ಟು ಜನ... ಸೀರೆಯವರು, ಬಣ್ಣಬಣ್ಣದ ಕಿಟೆಂಗೆ ಬಟ್ಟೆ ಉಟ್ಟವರು, ಆಸ್ಪತ್ರೆಯ ನರ್ಸುಗಳು. ಎಲ್ಲರೂ ಅವಳ ಬೆನ್ನಿಗೆ. ಕಣ್ಣು ತುಂಬಿ ಸಾಲು ಮಸುಕಾಯಿತು. ಕಾತ್ಯಾಯಿನಿ ಓಡಿ ಬಂದು ಸೊಂಟ ಹಿಡಿದುಕೊಂಡಳು.

ಜನ ಚಹಾದ ಮೇಜಿನತ್ತ ಸರಿದ ಮೇಲೆ ಅನುರಾಗ್ ಎರಡು ಲೋಟ ಹಿಡಿದು ಬಂದ.

"ಓದೋ ಕೋಣೆ ಹಾಗೇ ಇರ್ಲಿ. ಕಂಪ್ಯೂಟರಿಗೆ ಬೇರೆ ಜಾಗ ನೋಡೋಣ, ಮೆಂಬರ್ ಮೇಡಂ."

"ನೋಡೋಣ ಅಂದ್ರೆ? ಸೋತವರು ಮೀಟಿಂಗಿಗೆ ಬರೋ ಹಾಗಿಲ್ಲ."

"ಮನೆಗೆ ಬರಬಹುದಾ?" ಅವನ ಲೋಟದ ಚಹಾ ತುಳುಕಿತು. "ತಮಾಷೆಗಲ್ಲ ಹಂಸಾ. ಇನ್ನು ಮೇಲೆ ದಿನಾ... ನೀವು, ಕಾತ್ಯಾ, ನನ್ನ ಮಗಳು, ನಾನು. ಒಂದೇ ಮನೆ."

ಹಂಸಾ ಕಾತ್ಯಾಳ ಮುಖ ನೋಡಿದಳು. ಹುಡುಗಿ ಭುಜ ಕುಣಿಸಿದಳು. "ಫೈನ್. ಬಟ್ ಐ ಆಮ್ ನಾಟ್ ಶೇರಿಂಗ್ ಮೈ ಬೆಡ್!"

ನಕ್ಕು ನಕ್ಕು ಹಂಸಾಳ ಕಣ್ಣಲ್ಲಿ ಮತ್ತೆ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಕೇಳಿದಳು:

"ಇದನ್ನ ಯಾರ್ಯಾರಿಗೆ ಹೇಳಿದ್ದೀರಿ?"

"ದೇವರಾಣೆ, ಯಾರಿಗೂ ಇಲ್ಲ! ಬುದ್ಧಿ ಬಂತು."

"ಹಾಗಾದ್ರೆ..." ಅವಳು ಅವನ ಕೈಯಿಂದ ಲೋಟ ತೆಗೆದುಕೊಂಡಳು. "ಈಗ ಹೇಳಿ. ಎಲ್ಲರಿಗೂ."

"ಶ್ರೀನಿವಾಸನಿಗೂ?"

"ಮೊದಲು ಅವರಿಗೇ! ಮಧ್ಯಾಹ್ನದೊಳಗೆ ಇಡೀ ನೈರೋಬಿಗೆ ಗೊತ್ತಾಗಲಿ."