ನಾಲಿಗೆಯಡಿಯ ಚಿನ್ನ

"ನಿನ್ನ ಹಿತ್ತಲಲ್ಲಿರೋ ಆ ಮುಚ್ಚಿದ ಗುಂಡಿ ತೆಗೀಬೇಡಪ್ಪಾ," ಎಂದಳು ಚಹಾದಂಗಡಿಯ ಅಜ್ಜಿ. "ಅದರೊಳಗೆ ಒಬ್ಬಳು ಮಾಟ ಮಾಡಿ ಇಟ್ಟಿದಾಳೆ."

ಗಾರೆಯವ ನಕ್ಕ. ಅವನು ಈ ಊರಿಗೆ ಹೊಸಬನಾದರೂ ಇಲ್ಲಿನ ಮಾಟಗಳ ಮರ್ಮ ಆಗಲೇ ತಿಳಿದಿತ್ತು. ಚಿನ್ನ ಸಿಕ್ಕ ಗುಂಡಿಗೊಂದು ದೆವ್ವ ಹುಟ್ಟಿಸುವುದು ಇಲ್ಲಿಯವರ ಹಳೆಯ ಚಾಳಿ, ಪಕ್ಕದವನು ಕೈಹಾಕದಿರಲಿ ಎಂದು. "ನಿನಗೇ ಅಗೆಯೋ ಆಸೆ ಇದ್ದರೆ ಹೇಳಜ್ಜಿ, ಪಾಲು ಕೊಡ್ತೀನಿ."

ಅಜ್ಜಿ ನಗಲಿಲ್ಲ. "ಅವಳ ಗಂಡ ಕೆಳಗೆ ಸಿಕ್ಕಿಬಿದ್ದು ಕೂಗ್ತಿದ್ದ. ಅವನನ್ನ ತೆಗೆಯೋಕೆ ಹೋದರೆ ತಮ್ಮ ಗುಂಡಿಗಳೂ ಕುಸೀತವೆ ಅಂತ, ಅಕ್ಕಪಕ್ಕದ ಗುಂಡಿಯವರು ಕೂಗು ಕೇಳಿಸಲೇ ಇಲ್ಲ ಅಂದು ಮಣ್ಣು ಮುಚ್ಚಿದರು. ಈ ಗುಂಡಿಯ ಚಿನ್ನ ಬಾಯಿಗಿಟ್ಟವನ ಕೂಗು ಅವನ ಹೆಂಡ್ತಿ ಕೂಸಿಗೇ ಕೇಳದೆ ಹೋಗಲಿ ಅಂತ ಶಾಪ ಹಾಕಿದಳು."

ಅದೊಂದು ಊರೆನ್ನುವುದೇ ಕಷ್ಟ. ಚಿನ್ನದ ಸುದ್ದಿ ಹಬ್ಬಿದಾಗ ಜನ ಸಿಕ್ಕಸಿಕ್ಕಲ್ಲಿ ತಗಡು ಹೊದಿಸಿ, ಸಿಕ್ಕಸಿಕ್ಕಲ್ಲಿ ಅಗೆದಿದ್ದರು. ಅಡುಗೆಮನೆಯಲ್ಲೂ ಗುಂಡಿ, ಶಾಲೆಯ ಹಿಂದೆಯೂ ಗುಂಡಿ. ಈಗ ಚಿನ್ನ ಮುಗಿದು ಗುಂಡಿಗಳಷ್ಟೇ ಉಳಿದಿದ್ದವು. ಗೋಡೆ ಕಟ್ಟಿಸುವವರಿಲ್ಲದೆ ಗಾರೆಯವನ ಕರಣೆ ತುಕ್ಕು ಹಿಡಿದಿತ್ತು. ಹೆಂಡತಿ ಗಂಟುಮೂಟೆ ಕಟ್ಟಿ ಕೂತಿದ್ದಳು. "ನಿಮ್ಮ ಚಿನ್ನಾನೂ ಬೇಡ, ಏನೂ ಬೇಡ. ಮಗು ಯಾವ ಗುಂಡೀಲಿ ಬೀಳುತ್ತೋ ಅಂತ ಪ್ರಾಣ ಹೋಗ್ತಿದೆ. ನಡೀರಿ."

ಅವಳ ಮಾತೇನೋ ನಿಜ. ಮಗಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅಪ್ಪ ಗದರಿ ಕೂಗಿದರೆ ಮಾತ್ರ ನಿಲ್ಲುತ್ತಿದ್ದಳು. ಆದರೆ ಬರಿಗೈಯಲ್ಲಿ ತನ್ನೂರಿಗೆ ಹೋಗಿ ತಮ್ಮಂದಿರಿಗೆ ಮುಖ ತೋರಿಸುವುದು ಹೇಗೆ? ಒಂದೇ ಒಂದು ಚೂರು ಸಿಕ್ಕಿದ್ದರೂ ಅವನು ಹೊರಟುಬಿಡುತ್ತಿದ್ದ.

ಹೆಂಡತಿ ನೀರಿಗೆ ಹೋದದ್ದೇ ತಡ, ಮಗಳನ್ನು ಒಳಗೆ ಕೂರಿಸಿ, ಬಾಗಿಲೆಳೆದು, ದೀಪದೊಡನೆ ಹಗ್ಗ ಹಿಡಿದು ಹಿತ್ತಲ ಗುಂಡಿಗಿಳಿದ. ಮುಚ್ಚಿದ ಮಣ್ಣನ್ನು ಅವನು ಆಗಲೇ ಮುಕ್ಕಾಲುಪಾಲು ತೆಗೆದಿದ್ದ. ಕೆಳಗೆ ಕೊಳೆತ ಮರದ ನಾತ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಹಾರೆ ಮೆತ್ತಗಿನದೇನಕ್ಕೋ ತಗುಲಿತು. ಕಪ್ಪು ಬಟ್ಟೆಯ ಗಂಟು. ಬಿಚ್ಚಿದರೆ ಕೂದಲು, ಉಗುರು, ನಡುವೆ ಕಡಲೆಕಾಳಿನಷ್ಟು ಚಿನ್ನ. ನೋಡಿದೊಡನೆ ನಕ್ಕ. ಮಾಟದವಳೇ ದಾರಿಖರ್ಚು ಕೊಟ್ಟಿದ್ದಾಳೆ ಎಂದುಕೊಂಡ. ಆಮೇಲೆ ಆ ಊರಿನ ಗುಂಡಿಯಾಳುಗಳೆಲ್ಲ ಮಾಡುವುದನ್ನೇ ಮಾಡಿದ. ಮೇಲೆ ಯಾರ ಕಣ್ಣಿಗೂ ಬೀಳದಿರಲೆಂದು ಚಿನ್ನವನ್ನು ನಾಲಿಗೆಯಡಿ ಅಡಗಿಸಿದ. ಗುಂಡಿಯಾಳಿನ ಹೆಂಡತಿಯಾಗಿದ್ದ ಆ ಮಾಟದವಳಿಗೂ ಈ ಅಭ್ಯಾಸ ಚೆನ್ನಾಗಿ ಗೊತ್ತಿತ್ತೆಂಬುದು ಅವನಿಗೆ ಹೊಳೆಯಲಿಲ್ಲ.

ಬಾಯಿ ತಣ್ಣಗಾಯಿತು. ದೀಪ ಆರಿತು. ಕಿವಿಯ ಪಕ್ಕದಲ್ಲೇ ಯಾರೋ ಉಸಿರೆಳೆದರು, ಕೂಗಲು ಹೊರಟವರ ಹಾಗೆ. ಕೂಗು ಬರಲಿಲ್ಲ. ಉಗುಳಿದ. ಕೈಗೆ ಬಿದ್ದದ್ದು ಬರೀ ಮಣ್ಣು. ಹಗ್ಗ ತಡಕಿದ. ಅಂಗೈ ತರಚಿತು. ಅಂತೂ ಮೇಲೆ ಬಂದ.

ಮನೆಯ ಬಾಗಿಲು ತೆರೆದಿತ್ತು. ಬೀದಿಯಾಚೆ, ಹಲಗೆ ಕಿತ್ತುಹೋದ ಗುಂಡಿಯ ಕಡೆಗೆ, ಮಗಳು ಕೋಳಿಮರಿಯೊಂದನ್ನು ಅಟ್ಟಿಕೊಂಡು ಓಡುತ್ತಿದ್ದಳು.

"ಪುಟ್ಟೀ, ನಿಲ್ಲು!"

ಚಹಾದಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಮಗಳು ತಿರುಗಲಿಲ್ಲ. ಮತ್ತೆ ಕೂಗಿದ. ಗಂಟಲು ಹರಿಯುವಂತೆ ಕೂಗಿದ. ಓಡಿದ. ಎಡವಿದ. ಎದ್ದ. ಗುಂಡಿಯಂಚಿನ ಮಣ್ಣು ಜಾರಿತು. ಅವಳ ಕಾಲೂ ಜಾರಿತು. ಫ್ರಾಕಿನ ತುದಿ ಕೈಗೆ ಸಿಕ್ಕಿತು.

ಮಗಳನ್ನು ಎದೆಗವಚಿಕೊಂಡು ಅತ್ತ. ಅಷ್ಟು ಕರೆದರೂ ಯಾಕೆ ನಿಲ್ಲಲಿಲ್ಲ, ಯಾಕೆ ನಿಲ್ಲಲಿಲ್ಲ ಎಂದು ಕೇಳುತ್ತಲೇ ಇದ್ದ. ಕೊಡ ಬಿಸಾಡಿ ಓಡಿಬಂದ ಹೆಂಡತಿ ಅವನ ಭುಜ ಅಲುಗಿಸಿದಳು. "ಏನಾಯ್ತು ರೀ? ಏನಾದರೂ ಹೇಳಿ."

"ಹೇಳ್ತಾನೇ ಇದಾನಲ್ಲೇ ತಾಯಿ," ಎಂದ ಅಜ್ಜಿ ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಗಳು ಮಣ್ಣುಗೈಯಿಂದ ಅವನ ತುಟಿಗಳನ್ನು ಮುಟ್ಟಿದಳು. "ಅಪ್ಪಾ, ಯಾಕೆ ಬರೀ ಬಾಯಿ ಆಡಿಸ್ತೀಯ? ಮಾತಾಡು."