ಟೈರಿನಲ್ಲಿ ಉಳಿದ ಗಾಳಿ

ಬಾಳವ್ವನ ಕೈಲಿ ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವನು ಅರಮನೆಗೆ ರಥ ಮಾಡುವ ಕಾಳೋಜ. ಇದು ಬಹಳ ಹಿಂದಿನ ಮಾತು, ಒಣಕೋಟೆ ಎಂಬ ರಾಜ್ಯದ್ದು. ಆ ರಾಜ್ಯದ ಮೂರು ದಿಕ್ಕಿಗೆ ಬೆಟ್ಟ, ಒಂದು ದಿಕ್ಕಿಗೆ ಮರಳುಗಾಡು. ಮರಳುಗಾಡಿನ ಆಚೆ ತುದಿಯಲ್ಲಿ ಗಾಳಿಬಾಗಿಲು ಎಂಬ ಕಲ್ಲಿನ ದ್ವಾರ. ರಾಜ್ಯದ ಗಾಳಿಯೆಲ್ಲ ಆ ಬಾಗಿಲಿನಿಂದಲೇ ಬರುತ್ತಿತ್ತು. ಒಂದು ಬೆಳಿಗ್ಗೆ ಗಾಳಿಮುಕ್ಕನೆಂಬ ಮಾಂತ್ರಿಕ ಬಾಗಿಲಿಗೆ ಅಡ್ಡ ಕೂತು, ಬಾಯಿ ತೆರೆದು, ರಾಜ್ಯದ ಗಾಳಿಯನ್ನೆಲ್ಲ ಒಂದೇ ಗುಟುಕಿಗೆ ನುಂಗಿಬಿಟ್ಟ.

ಅವತ್ತಿನಿಂದ ಒಣಕೋಟೆಯಲ್ಲಿ ಎಲೆ ಅಲುಗಲಿಲ್ಲ. ಒಲೆಯ ಹೊಗೆ ಮನೆಯೊಳಗೇ ಗೋಡೆಯ ಹಾಗೆ ನಿಂತಿತು. ದೊಡ್ಡವರು ಅರ್ಧರ್ಧ ಉಸಿರಿನಲ್ಲಿ ಹೇಗೋ ಬದುಕಿದರು. ಆದರೆ ಆಗ ಹುಟ್ಟಿದ ಕೂಸುಗಳಿಗೆ ಮೊದಲ ಉಸಿರಿಗೆ ಗಾಳಿ ಸಿಗಲಿಲ್ಲ. ಅವು ಬಾಯಿ ತೆರೆದವು, ಅಳಲಿಲ್ಲ. ಬಾಳವ್ವನ ತಂಗಿ ನೀಲಿ ಆಗ ತುಂಬು ಬಸುರಿ.

ಗಾಳಿ ಉಳಿದದ್ದು ಒಂದೇ ಕಡೆ. ಬಾಳವ್ವ ಸಂತೆಬೀದಿಯ ಮರದ ಕೆಳಗೆ ಕೂತು ಪಂಕ್ಚರ್ ಹಾಕುವವಳು. ಹಿಂದಿನ ಸಂಜೆ ತನ್ನ ಸೈಕಲ್ಲಿನ ಎರಡು ಚಕ್ರಕ್ಕೂ ಗಾಳಿ ಹೊಡೆದಿಟ್ಟಿದ್ದಳು. ಊರಿನ ಬೇರೆ ಚಕ್ರಗಳೆಲ್ಲ ಆ ಗುಟುಕಿಗೆ ಚಪ್ಪಟೆಯಾದರೂ ಅದು ಹಾಗೇ ಇತ್ತು.

"ನಮ್ಮ ಗಾಳಿ ಒಂದು ಉಸಿರಿನಷ್ಟು ಆ ಬಾಗಿಲು ದಾಟಿದರೆ ಸಾಕು," ಎಂದ ಅರಮನೆಯ ಜೋಯಿಸ. "ಆಚೆಯಿರುವ ತಾಯಿಗಾಳಿ ಗುರುತು ಹಿಡಿದು ಓಡಿ ಬರುತ್ತಾಳೆ. ಆದರೆ ಒಂದು ಮಾತು ನೆನಪಿರಲಿ. ಗಾಳಿಮುಕ್ಕ ಯಾರ ದನಿಯಲ್ಲಿ ಕರೆದರೂ ಓಗೊಡಬಾರದು. ಓಗೊಟ್ಟ ಬಾಯಿಂದಲೇ ಅವನು ಉಸಿರು ಎಳೆದುಕೊಳ್ಳುತ್ತಾನೆ."

"ಇವಳು ಬಾಯಿ ಮುಚ್ಚಿಕೊಂಡು ಹೋಗ್ತಾಳಾ?" ಕಾಳೋಜ ನಕ್ಕ. "ಬಟ್ಟಲು ನೀರಿಗೂ ಗತಿಯಿಲ್ಲದೆ ಟ್ಯೂಬಿಗೆ ಮುತ್ತು ಕೊಡೋಳು!"

ಉಳಿದವರು ಟ್ಯೂಬನ್ನು ನೀರಿಗೆ ಅದ್ದಿ, ಗುಳ್ಳೆ ನೋಡಿ ತೂತು ಹುಡುಕುತ್ತಿದ್ದರು. ಬಾಳವ್ವನಿಗೆ ಕುಡಿಯುವುದಕ್ಕೇ ನೀರು ಸಾಲದು. ಟ್ಯೂಬನ್ನು ತುಟಿಗೆ ತಾಗಿಸಿಕೊಂಡು ಸುತ್ತಲೂ ಸರಿಸುವಳು. ಎಲ್ಲಿ ತಣ್ಣಗೆ ಸೋಕಿತೋ ಅಲ್ಲಿ ತೂತು.

"ನಿನ್ನ ಮುಸುಡಿಗೆ ಕೊಡೋದಕ್ಕಿಂತ ಟ್ಯೂಬೇ ವಾಸಿ ಕಣೋ," ಎಂದಳು ಬಾಳವ್ವ. ಒಂದು ಮಾತು ಅಂದವರಿಗೆ ಎರಡು ಅನ್ನದಿದ್ದರೆ ಅವಳಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಹೊರಟಾಗ ನೀಲಿ ಬಾಗಿಲಿಗೆ ಬಂದು ಹೊಟ್ಟೆಯ ಮೇಲೆ ಕೈಯಿಟ್ಟಳು. "ಅಕ್ಕಾ, ನೀನು ಬರೋವರೆಗೂ ತಡ್ಕೋತೀನಿ."

"ತಡ್ಕೋ," ಎಂದಳು ಅಕ್ಕ. ಪೆಡಲ್ ಮೇಲೆ ಕಾಲಿಟ್ಟಳು.

ಮೊದಲು ಎದುರಾದದ್ದು ಮುಳ್ಳುನರಿಗಳು. ಮೈತುಂಬ ಜಾಲಿಮುಳ್ಳು, ಕಣ್ಣಿರಬೇಕಾದ ಕಡೆಯೂ ಮುಳ್ಳು. ಅವು ಅವಳ ಮುಂದೆ ಓಡಿಹೋಗಿ ಚಕ್ರ ಬರುವ ದಾರಿಯಲ್ಲಿ ಅಂಗಾತ ಮಲಗಿದವು. ಬಾಳವ್ವ ಸೈಕಲ್ಲನ್ನು ಹೆಗಲಿಗೇರಿಸಿ ಅವುಗಳ ನಡುವೆ ಬರಿಗಾಲಲ್ಲಿ ನಡೆದಳು. ಸಂಜೆಯ ಹೊತ್ತಿಗೆ ಅವಳ ಕಾಲಲ್ಲಿ ಮುಳ್ಳಿಲ್ಲದ ಜಾಗವಿರಲಿಲ್ಲ. ಟೈರಿಗೆ ಒಂದೂ ತಾಗಿರಲಿಲ್ಲ.

ಎರಡನೆಯದು ಹಿಟ್ಟುಮರಳು. ಅಲ್ಲಿ ಮರಳು ರಾಗಿಹಿಟ್ಟಿನಷ್ಟು ನಯ, ಅದರ ಅಡಿಯಲ್ಲಿ ಏನೋ ನುಂಗುವ ಸದ್ದು. ಬಿಗಿಯಾದ ಚಕ್ರ ಅಚ್ಚಿನವರೆಗೂ ಹೂತುಹೋಯಿತು, ಮೆಲ್ಲಗೆ ಇನ್ನೂ ಇಳಿಯತೊಡಗಿತು. ಗಾಳಿ ಇಳಿಸಿದರೆ ಟೈರು ಅಗಲವಾಗಿ ಮರಳ ಮೇಲೆ ಕೂರುತ್ತದೆಂದು ಅವಳಿಗೆ ಗೊತ್ತು. ಆದರೆ ಆ ಗಾಳಿ ಊರಿನದು. ಮಂಡಿ ಮುಳುಗುವವರೆಗೂ ಯೋಚಿಸಿದಳು. ಕೊನೆಗೆ ಮುಂದಿನ ಚಕ್ರವನ್ನು ಎತ್ತಿ ಹಿಡಿದು, ಹಿಂದಿನದರ ವಾಲ್ವು ಸಡಿಲಿಸಿದಳು. ಬುಸ್ಸೆಂದು ಗಾಳಿ ಹೋಯಿತು. ಸೈಕಲ್ಲು ತೇಲಿತು.

ಆ ಬುಸ್ಸೆಂಬ ಸದ್ದು ಮರಳುಗಾಡಿನ ತುದಿಯವರೆಗೂ ಕೇಳಿಸಿತು. ಅಲ್ಲಿ ಗಾಳಿಮುಕ್ಕ ಬಾಗಿಲು ಬಿಟ್ಟು ಎದ್ದ.

ಈಗ ದಾರಿ ಮುಗಿಯುತ್ತ ಬಂದಿತ್ತು. ದೂರದಲ್ಲಿ ಗಾಳಿಬಾಗಿಲಿನ ಎರಡು ಕಂಬ ಹಲ್ಲುಗಳ ಹಾಗೆ ಕಾಣುತ್ತಿದ್ದವು. ನಡುಹಗಲು. ಎಲ್ಲೂ ಒಂದು ಸದ್ದಿಲ್ಲ, ಅವಳ ಚೈನಿನ ಕಿರುಗುಟ್ಟುವಿಕೆ ಬಿಟ್ಟು.

ಗಾಳಿಯಿಲ್ಲದ ಮರಳಿನಲ್ಲಿ ಹೆಜ್ಜೆ ಅಳಿಯುವುದಿಲ್ಲ. ಅವಳಿಗಿಂತ ಮುಂಚೆ ರಾಜ ಕಳಿಸಿದ್ದ ರಾವುತರ ಕುದುರೆಗೊರಸುಗಳು ಇವತ್ತು ಬೆಳಿಗ್ಗೆ ಮೂಡಿದ ಹಾಗೆ ಇದ್ದವು. ಎಲ್ಲವೂ ಮುಂದಕ್ಕೆ ಹೋಗಿದ್ದವು. ತಿರುಗಿ ಬಂದದ್ದು ಒಂದೂ ಇರಲಿಲ್ಲ.

ಯಾಕೋ ಬೆನ್ನು ತಣ್ಣಗಾಯಿತು. ತಿರುಗಿ ನೋಡಿದಳು. ಮರಳಿನ ಮೇಲೆ ಅವಳ ಚಕ್ರದ ಗೆರೆ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಗುರುತಿತ್ತು, ದೊಡ್ಡದೊಂದು ಹೊಟ್ಟೆಯನ್ನು ಎಳೆದುಕೊಂಡು ಬಂದ ಹಾಗೆ, ಗಾಡಿದಾರಿಯಷ್ಟು ಅಗಲ. ಗುರುತಿನ ಮೇಲೆ ಯಾರೂ ಇರಲಿಲ್ಲ. ನುಂಗಿದ್ದೆಲ್ಲ ಗಾಳಿಯೇ ಆದ್ದರಿಂದ ಗಾಳಿಮುಕ್ಕ ಕಣ್ಣಿಗೆ ಕಾಣುತ್ತಿರಲಿಲ್ಲ. ಅವಳು ನಿಂತಾಗ ಗುರುತೂ ನಿಂತಿತು. ತುಳಿದಾಗ ಅದೂ ಸರಸರ ಮುಂದೆ ಬಂತು.

ಬಾಳವ್ವ ಜೀವ ಕೈಲಿ ಹಿಡಿದು ತುಳಿದಳು. ದಾರಿಯಲ್ಲಿ ರಾವುತರ ಬಟ್ಟೆಗಳು ಬಿದ್ದಿದ್ದವು. ಅಂಗಿಯೊಳಗೆ ಮನುಷ್ಯರಿದ್ದರು, ಉಸಿರು ತೆಗೆದ ತಿದಿಯ ಹಾಗೆ ಚಪ್ಪಟೆಯಾಗಿ, ಬಾಯಿ ತೆರೆದುಕೊಂಡು. ಅವಳು ಕಣ್ಣು ಬೇರೆ ಕಡೆ ತಿರುಗಿಸಿದ ಆ ಗಳಿಗೆಯಲ್ಲೇ, ಬಟ್ಟೆಯ ಕೆಳಗೆ ಅಡಗಿದ್ದ ಈಟಿಯ ಮೊನೆ ಮುಂದಿನ ಟೈರನ್ನು ಗೇಣುದ್ದ ಸೀಳಿತು.

ಊರಿನ ಕೊನೆಯ ಗಾಳಿ ಸೋರತೊಡಗಿತು. ಅವಳ ಹತ್ತಿರ ಇದ್ದದ್ದು ಒಂದೇ ತೇಪೆ, ಮೂರು ಬೆರಳಗಲದ್ದು. ಸೀಳಿಗೆ ಅದು ಎಲ್ಲಿ ಸಾಕು?

ಯೋಚಿಸುವ ಮೊದಲೇ ಅವಳ ತುಟಿ ತನ್ನ ಹಳೆಯ ಕೆಲಸಕ್ಕೆ ಹೋಗಿತ್ತು. ಮರಳ ಮೇಲೆ ಬಿದ್ದು, ಸೀಳಿಗೆ ಬಾಯಿಟ್ಟಳು. ತಣ್ಣಗೆ ಸೋಕಿತು. ಎದೆ ಬಿರಿಯುವಷ್ಟು ಎಳೆದುಕೊಂಡಳು. ರಬ್ಬರಿನ ವಾಸನೆ, ಆಮೇಲೆ ಸಂತೆಬೀದಿಯ ಸಂಜೆಯ ವಾಸನೆ. ಬಾಯಿ ಮುಚ್ಚಿ, ಮೂಗು ಹಿಡಿದು, ಸೈಕಲ್ಲು ಬಿಟ್ಟು ಓಡಿದಳು. ಬಾಗಿಲು ಒಂದು ಕೂಗಳತೆ ದೂರದಲ್ಲಿತ್ತು.

"ಏ ಬಾಳಿ!" ಬೆನ್ನ ಹಿಂದೆ ಕಾಳೋಜನ ದನಿ. "ಸೈಕಲ್ಲೂ ಬಿಟ್ಯಾ? ನಾನು ಅವತ್ತೇ ಹೇಳಲಿಲ್ವಾ?"

ಉತ್ತರ ನಾಲಿಗೆಯ ತುದಿಗೆ ಬಂತು. ಅದನ್ನು ಕಚ್ಚಿ ಹಿಡಿದಳು. ಬಾಯಲ್ಲಿ ರಕ್ತದ ರುಚಿ.

"ಬಾಳವ್ವಾ," ಈಗ ಸತ್ತುಹೋದ ಅವ್ವನ ದನಿ, ಕಿವಿಯ ಹತ್ತಿರವೇ. "ಹೊಸಿಲು ದಾಟೋವಾಗ ಹೇಳಿ ಹೋಗಬಾರದೇನೇ? ಇಷ್ಟು ಸೊಕ್ಕಾ ನಿನಗೆ?"

ಕಣ್ಣಲ್ಲಿ ನೀರು ಬಂತು. ಬಾಯಿ ತೆರೆಯಲಿಲ್ಲ.

ಇನ್ನೊಂದು ದನಿ ಬರುವುದು ಬಾಕಿಯಿತ್ತು. ಮೂರನೆಯದು ಯಾರ ದನಿ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ತಾನು ಓಗೊಡುತ್ತೇನೆ ಎಂಬುದೂ ಗೊತ್ತಿತ್ತು. ಓಡುತ್ತಲೇ ಸೊಂಟದ ಚೀಲಕ್ಕೆ ಕೈ ಹಾಕಿದಳು. ಡಬ್ಬಿಯಿಂದ ತೇಪೆ ಅಂಟಿಸುವ ಸಲ್ಯೂಷನ್ ತೆಗೆದು ತುಟಿಯ ಮೇಲೆ ಬಳಿದಳು, ತೇಪೆಯನ್ನು ಅಡ್ಡ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು. ತುಟಿ ಸುಟ್ಟ ಹಾಗೆ ಉರಿಯಿತು.

"ಅಕ್ಕಾ..." ನೀಲಿ ನರಳಿದಳು. "ತಡ್ಕೊಳೋಕೆ ಆಗ್ತಿಲ್ಲ ಅಕ್ಕಾ. ಎಲ್ಲಿದೀಯಾ? ಒಂದೇ ಒಂದು ಸಲ ಓ ಅನ್ನು."

ಬಾಳವ್ವನ ಬಾಯಿ ತೆರೆಯಿತು. ಅಂದರೆ, ತೆರೆಯಲು ಹೋಯಿತು. ಊರಿನ ಚಕ್ರಗಳನ್ನೆಲ್ಲ ಹಿಡಿದಿಟ್ಟ ಕೈ ಹಚ್ಚಿದ ತೇಪೆ ಅದು. ಬಿಡಲಿಲ್ಲ.

ಕಂಬಗಳ ನಡುವೆ ಬಿದ್ದಳು. ಮುಖವನ್ನು ಬಾಗಿಲಾಚೆ ಚಾಚಿ, ಎರಡೂ ಕೈಯಿಂದ ತೇಪೆ ಕಿತ್ತಳು. ತುಟಿಯ ಚರ್ಮವೂ ಅದರ ಜೊತೆ ಬಂತು. ಎದೆಯಲ್ಲಿದ್ದದ್ದೆಲ್ಲ ಹೊರಗೆ ಹೋಯಿತು. ಗಾಳಿ ಹೋಯಿತು, ಅದರೊಳಗೆ ಸುತ್ತಿಕೊಂಡು ಅವಳ ದನಿಯೂ ಹೋಯಿತು.

ಆಚೆಯಿಂದ ತಾಯಿಗಾಳಿ ಬಂದಳು. ಅವಳ ಸದ್ದು ಕೇಳಿ ಗಾಳಿಮುಕ್ಕನ ಹೊಟ್ಟೆಯೊಳಗಿದ್ದ ಮಕ್ಕಳೆಲ್ಲ ಒಟ್ಟಿಗೆ ಎದ್ದವು. ಮರಳ ಮೇಲೆ ಒಂದು ಖಾಲಿ ತೊಗಲು ಬಿತ್ತು. ಗಾಳಿ ಅದನ್ನು ಉರುಳಿಸಿಕೊಂಡು ಹೋಯಿತು. ಆ ಬೀಸಿಗೆ ರಾವುತರು ಉಬ್ಬಿ, ಕೆಮ್ಮಿ, ಎದ್ದು ಕೂತರು. ಒಣಕೋಟೆಯಲ್ಲಿ ಹೊಗೆ ಚದುರಿತು, ಎಲೆ ಅಲುಗಿತು, ನೀಲಿಯ ಮಗಳು ಹುಟ್ಟಿ ಊರೆಲ್ಲ ಕೇಳುವ ಹಾಗೆ ಅತ್ತಳು. ಅಂದಿನಿಂದ ಆ ರಾಜ್ಯದಲ್ಲಿ ಉಸಿರಿಗೆ ಬರ ಬರಲಿಲ್ಲ. ಎಲ್ಲರೂ ಎದೆತುಂಬ ಬದುಕಿದರು.

ಬಾಳವ್ವನಿಗೆ ಈಗ ಸಂತೆಬೀದಿಯಲ್ಲಿ ಸ್ವಂತ ಅಂಗಡಿಯಿದೆ. ಮರಳಿನಿಂದ ಎಳೆದು ತಂದು ಹೊಸ ಟೈರು ಹಾಕಿದ ಆ ಸೈಕಲ್ಲಿದೆ. ಅಂಗಡಿಯ ಮುಂದೆ ನೀರು ತುಂಬಿದ ಕಲ್ಲಿನ ತೊಟ್ಟಿಯಿದೆ. ಅದು ಬೇಕೇ ಬೇಕು, ಅವಳ ತುಟಿಗೆ ಈಗ ಗಾಳಿ ಸೋಕಿದ್ದು ತಿಳಿಯುವುದಿಲ್ಲ. ಕಾಳೋಜ ತನ್ನ ರಥದ ಚಕ್ರವನ್ನು ಅಲ್ಲಿಗೇ ತರುತ್ತಾನೆ. ಹಳೆಯ ಚಾಳಿ, ಒಂದು ಮಾತು ಅನ್ನದೆ ಇರಲಾರ. ಬಾಳವ್ವ ತಲೆಯೆತ್ತಿ ನೋಡುತ್ತಾಳೆ. ಅವಳ ಹತ್ತಿರ ಎರಡಲ್ಲ, ಹತ್ತು ಮಾತಿವೆ. ಒಂದಕ್ಕೂ ದನಿಯಿಲ್ಲ.