ಎರಡು ಪೆಟ್ಟಿಗೆಯ ಕಾರು

2025ರ ಫೆಬ್ರವರಿ 17, ಸೋಮವಾರ ಸಂಜೆ 4.35ಕ್ಕೆ ಚಾಮರಾಜಪೇಟೆಯ ಠಾಣೆಗೆ ಬಂದ ಅಭಿನಂದನ್, ಕುರ್ಚಿಯಲ್ಲಿ ಕೂರುವ ಮೊದಲೇ ತಂದೆಯ ಹೆಸರು ಹೇಳಿದ. ತಂದೆ ಮಾಯಣ್ಣ, ಕುಮಾರ ಪಾರ್ಕಿನಲ್ಲಿ ಮನೆ ಇದ್ದವರು, ಊರ ಹೊರಗೆ ಬಡಾವಣೆಗಳನ್ನು ಮಾಡಿ ಮಾರಿದವರು. ಇನ್‌ಸ್ಪೆಕ್ಟರ್ ವಿಶಾಖಾ ಹೆಸರನ್ನು ಕೇಳಿಸಿಕೊಂಡು, ಹಾಳೆಯನ್ನು ಮುಂದೆ ಸರಿಸಿ, ದೂರು ಬರೆದುಕೊಡಿ ಎಂದರು.

ದೂರು ನಾಲ್ಕೇ ಸಾಲಿನದಾಗಿತ್ತು. ಅದೇ ಪೇಟೆಯ ವರದರಾಜನ ಗ್ಯಾರೇಜಿನಲ್ಲಿ ಇಟ್ಟಿದ್ದ, ತನ್ನ ಕಾರಿಗೆ ಸೇರಿದ ಎಲೆಕ್ಟ್ರಾನಿಕ್ ಬಿಡಿಭಾಗವೊಂದು ಅಂದು ಮಧ್ಯಾಹ್ನ ಕಳುವಾಗಿದೆ. ಹುಡುಕಿಸಿಕೊಡಬೇಕು.

"ಯಾವ ಭಾಗ?" ವಿಶಾಖಾ ಕೇಳಿದರು.

"ಸ್ಪೇರ್ ಪಾರ್ಟ್ ಮೇಡಂ."

"ಅದಿಲ್ದೆ ಕಾರು ಓಡುತ್ತಾ?"

"ಓಡ್ತಿದೆ."

"ಹಾಗಿದ್ರೆ ಇಷ್ಟು ಗಾಬರಿ ಯಾಕೆ?"

ಅಭಿನಂದನ್ ಬೆವರು ಒರೆಸಿಕೊಂಡ. "ಗಾಬರಿ ಏನಿಲ್ಲ. ಬೇಗ ಸಿಕ್ಕಿದ್ರೆ ಸಾಕು."

ಕಟ್ಟಡದೊಳಗಿನ ಕಳವಿನ ಕಲಮಿನಡಿ ಎಫ್‌ಐಆರ್ ದಾಖಲಾಯಿತು. 5.20ಕ್ಕೆ ವಿಶಾಖಾ, ಹೆಡ್ ಕಾನ್‌ಸ್ಟೆಬಲ್ ಸಿದ್ದಬಸಪ್ಪನವರೊಂದಿಗೆ ಗ್ಯಾರೇಜಿಗೆ ಹೋದರು.

ವರದರಾಜನಿಗೆ ಐವತ್ತೆಂಟು. ಕಾರುಗಳ ಎಂಜಿನ್ ಶಕ್ತಿ ಹೆಚ್ಚಿಸಿಕೊಡುವುದರಲ್ಲಿ ಹೆಸರಾದವನು. ಆದರೆ ಗೋಡೆಯ ಮೇಲೊಂದು ಬೋರ್ಡೂ ಇರಲಿಲ್ಲ. ಬೇಕಾದವರು ಕೇಳಿಕೊಂಡು ಬರುತ್ತಿದ್ದರು. ಕಬ್ಬಿಣದ ಬೀರುವಿನ ಬೀಗ ಹಾಗೇ ಇತ್ತು, ಬಾಗಿಲು ಮಾತ್ರ ತಿರುಪುಗಳನ್ನು ಬಿಚ್ಚಿ ಕಳಚಿ ಗೋಡೆಗೆ ಒರಗಿಸಿಟ್ಟಿತ್ತು. ಪಂಚರ ಮುಂದೆ ಮಹಜರು ಬರೆಯುತ್ತಿದ್ದ ಸಿದ್ದಬಸಪ್ಪ, ಬಾಗಿಲ ಪಕ್ಕದಲ್ಲಿದ್ದ ಡಬ್ಬಿಯ ಮುಚ್ಚಳವನ್ನು ತೋರಿಸಿದರು. ಅದರಲ್ಲಿ ಎಂಟು ತಿರುಪುಗಳು, ಉದ್ದದವು ಒಂದು ಕಡೆ, ಗಿಡ್ಡನೆಯವು ಇನ್ನೊಂದು ಕಡೆ.

"ಕಳ್ಳ ಇಷ್ಟು ಜೋಪಾನವಾಗಿ ಇಟ್ಟು ಹೋಗ್ತಾನಾ ಮೇಡಂ? ಇದು ಕೆಲಸ ಕಲಿತ ಕೈ."

ಮೇಜಿನ ಮೇಲೆ ಲಕ್ಷ ಬೆಲೆಯ ತಪಾಸಣಾ ಯಂತ್ರ ಇದ್ದಲ್ಲೇ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

"ಊಟಕ್ಕೆ ಎಷ್ಟೊತ್ತಿಗೆ ಹೋದ್ರಿ?" ವಿಶಾಖಾ ವರದರಾಜನನ್ನು ಕೇಳಿದರು.

"ಒಂದೂವರೆ. ವಾಪಸ್ ಬಂದಾಗ ಎರಡೂ ಮುಕ್ಕಾಲು."

"ದಿನಾ ಅಷ್ಟೊತ್ತು ಆಗುತ್ತಾ?"

ಅವನು ಮೇಜಿನ ಮೇಲಿದ್ದ ಬಟ್ಟೆಯನ್ನು ಕೈಗೆತ್ತಿಕೊಂಡ.

"ಶಟರ್‌ಗೆ ಬೀಗ ಹಾಕಿದ್ರಾ?"

"ಮರ್ತುಬಿಟ್ಟೆ."

"ಕಳುವಾಗಿದ್ದು ಏನು, ನೀವಾದ್ರೂ ಹೇಳಿ."

ವರದರಾಜ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ ಹೇಳಿದ. ಅದು ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಅಭಿನಂದನ್ ಕಾರಿಗೆ ಅಂಥವು ಎರಡಿದ್ದವು. ಒಂದು ಕಂಪನಿಯದು, ಇನ್ನೊಂದರಲ್ಲಿ ವರದರಾಜನೇ ಲೆಕ್ಕಾಚಾರ ಬದಲಿಸಿ ಎಂಜಿನ್ನಿಗೆ ಹೆಚ್ಚಿನ ಬಲ ಬರುವಂತೆ ಮಾಡಿದ್ದ. ರಸ್ತೆಗೆ ಎರಡನೆಯದು, ಸರ್ವೀಸಿಗೆ ಮೊದಲನೆಯದು. ಹೀಗಾಗಿ ಶೋರೂಮಿನವರಿಗೆ ಬದಲಾವಣೆ ಕಾಣುತ್ತಿರಲಿಲ್ಲ, ವಾರಂಟಿಗೂ ಧಕ್ಕೆ ಬರುತ್ತಿರಲಿಲ್ಲ.

"ಕದ್ದಿದ್ದು ಯಾವುದು?"

"ನಾನು ಮಾಡಿದ್ದು."

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಇಲ್ಲ," ಎಂದ ವರದರಾಜ. ತೀರ ಬೇಗ ಹೇಳಿದ.

ಎದುರಿನ ಹಿಟ್ಟಿನ ಗಿರಣಿಯ ಸಿಸಿಟಿವಿಯಲ್ಲಿ, 1.52ಕ್ಕೆ ಬೂದು ಬಣ್ಣದ ಮೆಕ್ಯಾನಿಕ್ ಅಂಗಿ ತೊಟ್ಟವನೊಬ್ಬ ಕೈಚೀಲ ಹಿಡಿದು ಶಟರಿನ ಕೆಳಗೆ ಬಗ್ಗಿ ಒಳಹೋಗುವುದು ಕಂಡಿತು. 2.24ಕ್ಕೆ ಹೊರಬಂದ. ಓಡಲಿಲ್ಲ. ಶಟರನ್ನು ಪೂರ್ತಿ ಕೆಳಗೆಳೆದು, ಒಮ್ಮೆ ಅತ್ತಿತ್ತ ನೋಡಿ, ನಡೆದುಹೋದ. ಮುಖ ಸ್ಪಷ್ಟವಿರಲಿಲ್ಲ.

ಮರುದಿನ ಬೆಳಿಗ್ಗೆ 10ಕ್ಕೆ ಸಿದ್ದಬಸಪ್ಪ ಕಾರಿನ ನಂಬರನ್ನು ಹಳೆಯ ದಾಖಲೆಗಳಲ್ಲಿ ಹುಡುಕಿಸಿದರು. ಅರ್ಧ ಗಂಟೆಯಲ್ಲಿ ಪ್ರಿಂಟ್ ತಂದು ಮೇಜಿನ ಮೇಲಿಟ್ಟರು.

"ಈ ಕಾರು ಒಬ್ಬರನ್ನ ಸಾಯಿಸಿದೆ ಮೇಡಂ."

2024ರ ಅಕ್ಟೋಬರ್ 14, ಬೆಳಿಗ್ಗೆ 8.20. ಅಭಿನಂದನ್ ಕಾರನ್ನು ಸರ್ವೀಸಿಗೆ ಒಯ್ಯಲು ಕುಮಾರ ಪಾರ್ಕಿನ ಮನೆಗೆ ಶೋರೂಮಿನ ಮೆಕ್ಯಾನಿಕ್ ರಾಘವ ಬಂದಿದ್ದ. ಬಸವನಗುಡಿಯ ವರ್ಕ್‌ಶಾಪಿಗೆ ಹೋಗುವಾಗ, ಅಡ್ಡರಸ್ತೆಯಿಂದ ಗಾಂಧಿ ಬಜಾರಿಗೆ ತಿರುಗುವಲ್ಲಿ ಕಾರು ಮುಂದಕ್ಕೆ ಹಾರಿ, ಹೂವಿನ ಅಂಗಡಿಯೆದುರು ನಿಂತಿದ್ದ ಶ್ರೀನಿವಾಸಯ್ಯ ಎಂಬ ನಿವೃತ್ತ ಗಣಿತ ಮೇಷ್ಟ್ರಿಗೆ ಗುದ್ದಿತ್ತು. ಆಸ್ಪತ್ರೆ ತಲುಪುವ ಮುನ್ನವೇ ಅವರು ತೀರಿಕೊಂಡಿದ್ದರು. ಬ್ರೇಕು, ಸ್ಟೀರಿಂಗು ಸರಿಯಾಗಿವೆ, ವಾಹನದಲ್ಲಿ ದೋಷವಿಲ್ಲ ಎಂದು ತಪಾಸಣಾ ವರದಿ ಹೇಳಿತ್ತು. ರಾಘವನ ಮೇಲೆ ಅಜಾಗರೂಕ ಚಾಲನೆಯ ಪ್ರಕರಣ. ಕೆಲಸ ಹೋಗಿತ್ತು. ಜಾಮೀನಿನ ಮೇಲೆ ಹೊರಗಿದ್ದ.

ವಿಶಾಖಾ ಕಡತವನ್ನು ಎರಡು ಸಲ ಓದಿದರು. ಅಪಘಾತವಾದ ಐದನೆಯ ದಿನ ಕಾರನ್ನು ಮಾಲೀಕನಿಗೆ ಬಿಟ್ಟುಕೊಡಲಾಗಿತ್ತು.

ವರದರಾಜನನ್ನು ಠಾಣೆಗೆ ಕರೆಸಿದರು.

"ಅಪಘಾತ ಆದ ದಿನ ಕಾರಲ್ಲಿ ಯಾವ ಪೆಟ್ಟಿಗೆ ಇತ್ತು?"

ಅವನು ನೆಲ ನೋಡಿದ. "ನಂದು."

"ಸರ್ವೀಸಿಗೆ ಹೊರಟ ಕಾರಲ್ಲಿ?"

"ಪಿಕಪ್‌ನವರು ಹೇಳಿದ್ದಕ್ಕಿಂತ ಒಂದಿನ ಮುಂಚೆ ಬಂದ್ರಂತೆ, ಪೆಟ್ಟಿಗೆ ಬದಲಾಯಿಸಕ್ಕೆ ಹೊತ್ತಿರ್ಲಿಲ್ಲ. ಬೇಡ ಅಂದ್ರೆ ಅನುಮಾನ ಬರುತ್ತೆ ಅಂತ ಅಭಿ ಸುಮ್ನೆ ಕೀ ಕೊಟ್ಬಿಟ್ಟ. ಸರ್ವೀಸಿನವರ ಕಣ್ತಪ್ಪಿಸಿ ಹೇಗೋ ನಿಭಾಯಿಸೋಣ ಅಂದ್ಕೊಂಡಿದ್ದ. ಗಾಡಿ ಹೀಗಿದೆ ಅಂತ ಆ ಡ್ರೈವ್ ಮಾಡೋನಿಗೆ ಒಂದು ಮಾತೂ ಹೇಳ್ಲಿಲ್ಲ."

"ಬದಲಾಯಿಸಿದ್ದು ಯಾವಾಗ?"

"ಪೊಲೀಸರು ಗಾಡಿ ಬಿಟ್ಟ ದಿನಾನೇ. ನನ್ನ ಕೈಯಲ್ಲೇ. ಜೀವ ಹೋಗಿದೆ ಅಂತ ನನಗಾಗ ಗೊತ್ತಿರ್ಲಿಲ್ಲ ಮೇಡಂ, ಎಲ್ಲೋ ಕಂಬಕ್ಕೆ ಗುದ್ದಿದೆ ಅಂತ ಅಭಿ ಹೇಳಿದ್ದ. ಆಮೇಲೆ ಅವನೇ ಬಂದು ಹೇಳ್ದಾಗ ಗೊತ್ತಾಯ್ತು."

"ಅವನೇ ಅಂದ್ರೆ?"

ವರದರಾಜ ಕಣ್ಣು ಮುಚ್ಚಿಕೊಂಡ. ಮೊದಲ ಸಲ ಆ ಹೆಸರು ಅವನ ಬಾಯಿಂದ ಬಂತು. "ರಾಘವ. ಮೂರು ಸಲ ಬಂದಿದ್ದ. ಪೆಟ್ಟಿಗೆ ಇದೆಯಾ ಅಂದ. ಇದೆ ಅಂದೆ. ಕೊಡಿ ಅಂದ. ಕೊಡಕ್ಕಾಗಲ್ಲ ಅಂದೆ. ಮೂರನೇ ಸಲ ಅವನೇನೂ ಕೇಳ್ಲೇ ಇಲ್ಲ, ಬೀರು ಕಡೆ ನೋಡ್ತಾ ಕೂತಿದ್ದ. ನಾನು ಊಟಕ್ಕೆ ಹೋಗೋ ಹೊತ್ತು ಅವನಿಗೆ ಗೊತ್ತಿತ್ತು."

"ಬೀಗ ಮರ್ತಿದ್ದು?"

"ಮರ್ತಿರ್ಲಿಲ್ಲ," ಎಂದ ವರದರಾಜ.

ರಾಘವನ ಮನೆ ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ, ಮಾಳಿಗೆಯ ಮೇಲಿನ ಒಂದೇ ಕೋಣೆ. ಮಧ್ಯಾಹ್ನ 3.10ಕ್ಕೆ ಪೊಲೀಸರು ಮೆಟ್ಟಿಲು ಹತ್ತುವಾಗ ಅವನೇ ಬಾಗಿಲು ತೆರೆದ. ಮೂವತ್ತಮೂರರ ತೆಳ್ಳಗಿನ ಮನುಷ್ಯ, ಗಡ್ಡ ಬೆಳೆದಿತ್ತು.

"ಯಾಕೆ ಬಂದಿದೀವಿ ಗೊತ್ತಲ್ಲ?"

"ಗೊತ್ತು ಮೇಡಂ. ಒಳಗೆ ಬನ್ನಿ."

ಪೆಟ್ಟಿಗೆ ಗೂಡಿನಲ್ಲಿತ್ತು, ಒಗೆದ ಟವಲಿನಲ್ಲಿ ಸುತ್ತಿ ಇಟ್ಟಿದ್ದ. ಬಿಚ್ಚಿರಲಿಲ್ಲ. ಸಿದ್ದಬಸಪ್ಪ ಪಂಚನಾಮೆ ಬರೆದು, ಬಟ್ಟೆಯ ಚೀಲಕ್ಕೆ ಹಾಕಿ ಅರಗು ಒತ್ತಿದರು.

"ಇದನ್ನ ಏನ್ ಮಾಡ್ಬೇಕು ಅಂತಿದ್ದೆ?"

"ವಕೀಲರಿಗೆ ಕೊಡೋಣ ಅಂತಿದ್ದೆ. ಕದ್ದಿದ್ದನ್ನ ಕೋರ್ಟ್ ತಗೊಳ್ಳುತ್ತೋ ಇಲ್ವೋ ಗೊತ್ತಿರ್ಲಿಲ್ಲ."

"ಈ ಪೆಟ್ಟಿಗೆ ಇದೆ ಅಂತ ನಿನಗೆ ಹೇಳಿದ್ದು ಯಾರು?"

"ಯಾರೂ ಹೇಳ್ಲಿಲ್ಲ. ರಿಪೇರಿಗೆ ಅಂತ ಆ ಗಾಡಿ ನಮ್ಮ ಶೋರೂಮಿಗೇ ಬಂತು. ಜೊತೆಗೆ ಕೆಲಸ ಮಾಡ್ತಿದ್ದವನು ಫೋನ್ ಮಾಡ್ದ. ಮೀಟರ್ ಪ್ರಕಾರ ಗಾಡಿ ಓಡಿರೋದು ಇಪ್ಪತ್ತೊಂದು ಸಾವಿರ ಕಿಲೋಮೀಟರ್, ಎಂಜಿನ್ ಕಂಪ್ಯೂಟರ್‌ನಲ್ಲಿ ಒಂಬತ್ತೇ ಸಾವಿರ ಇದೆ ಕಣೋ ಅಂದ. ಆಗ ತಿಳೀತು. ಉಳಿದ ಹನ್ನೆರಡು ಸಾವಿರ ಇನ್ನೊಂದು ಪೆಟ್ಟಿಗೇಲಿ ಇದೆ ಅಂತ. ಇಂಥ ಕೆಲಸಕ್ಕೆ ಮೆಕ್ಯಾನಿಕ್ಕುಗಳೆಲ್ಲ ಹೇಳೋದು ವರದರಾಜಣ್ಣನ ಹೆಸರೇ."

"ನಮ್ಮ ಹತ್ರ ಬಂದು ಹೇಳ್ಬಹುದಿತ್ತಲ್ಲ?"

"ಕೇಸ್ ನಡೆಸ್ತಿದ್ದವರಿಗೆ ಹೇಳಿದೆ. ವರದಿ ಬಂದಾಗಿದೆ ಅಂದ್ರು."

ವಿಶಾಖಾ ಬಂಧನದ ಕಾಗದಕ್ಕೆ ಸಹಿ ಹಾಕಿಸಿಕೊಂಡರು.

ಪೆಟ್ಟಿಗೆ ಸಿಕ್ಕಿತೆಂಬ ಸುದ್ದಿ ತಿಳಿದು ಅಭಿನಂದನ್ ಬುಧವಾರ ಬೆಳಿಗ್ಗೆ 11ಕ್ಕೆ ಬಂದ. ಮುಖದಲ್ಲಿ ನಿರಾಳವಿತ್ತು.

"ಥ್ಯಾಂಕ್ಸ್ ಮೇಡಂ. ಕೇಸ್ ವಾಪಸ್ ತಗೋತೀನಿ. ಪಾಪ, ಬಡವ. ಪಾರ್ಟ್ ಕೊಟ್ಬಿಡಿ, ಹೋಗ್ತೀನಿ."

"ಅದು ಪ್ರಯೋಗಾಲಯಕ್ಕೆ ಹೋಗುತ್ತೆ."

"ಯಾಕೆ? ನನ್ನ ವಸ್ತು ಅದು."

"ಹೌದು. ನಿಮ್ಮದೇ ಅಂತ ನೀವೇ ಬರ್ದುಕೊಟ್ಟಿದೀರಿ. ಸಹಿ ಇದೆ."

ಅಭಿನಂದನ್ ಮೊಬೈಲನ್ನು ಕೈಗೆತ್ತಿಕೊಂಡ. ಯಾರಿಗೂ ಕರೆ ಮಾಡದೆ ಮತ್ತೆ ಇಟ್ಟ.

"ಅಕ್ಟೋಬರ್ ಹದಿನಾಲ್ಕು," ಎಂದರು ವಿಶಾಖಾ. "ಮೇಷ್ಟ್ರು ತೀರಿಕೊಂಡ ವಿಷಯ ನಿಮಗೆ ಎಷ್ಟೊತ್ತಿಗೆ ತಿಳೀತು?"

"ಒಂಬತ್ತೂವರೆಗೆ."

"ಈ ಪೆಟ್ಟಿಗೆ ವಿಷಯ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

"ಆ ಹುಡುಗನ ಮೇಲೆ ಕೇಸ್ ಬಿತ್ತಲ್ಲ, ಆಗ?"

ಅಭಿನಂದನ್ ತಗ್ಗಿದ ದನಿಯಲ್ಲಿ ಹೇಳಿದ, "ವಾರಂಟಿ ಹೋಗುತ್ತೆ ಅಂತ. ಗೇರ್‌ಬಾಕ್ಸ್ ಆವಾಗ್ಲೇ ಸದ್ದು ಮಾಡ್ತಿತ್ತು. ಗಾಡೀಲಿ ಏನೂ ಬದಲಾಯಿಸಿಲ್ಲ ಅಂತ ಅಪ್ಪಂಗೆ ಆಣೆ ಮಾಡಿದ್ದೆ." ತನ್ನ ಮಾತು ತನಗೇ ಕೇಳಿಸಿತೇನೋ, ಮೊಬೈಲನ್ನು ಮಗುಚಿಟ್ಟ.

ಅಪಘಾತದ ಪ್ರಕರಣದಲ್ಲಿ ಹೆಚ್ಚಿನ ತನಿಖೆ ಕೋರಿ ವಿಶಾಖಾ ಅಂದೇ ಮೇಲಧಿಕಾರಿಗಳ ಮೂಲಕ ವರದಿ ಕಳಿಸಿದರು. ನ್ಯಾಯಾಲಯ ಒಪ್ಪಿತು. ಏಪ್ರಿಲ್ 9ರಂದು ಸಾಕ್ಷ್ಯ ಮರೆಮಾಚಿದ ಆರೋಪದ ಮೇಲೆ ಅಭಿನಂದನ್‌ನನ್ನು ಕುಮಾರ ಪಾರ್ಕಿನ ಮನೆಯಲ್ಲಿ ಬಂಧಿಸಲಾಯಿತು. ಮಾಯಣ್ಣ ವರಾಂಡದಲ್ಲೇ ನಿಂತಿದ್ದರು, ಯಾರ ಹೆಸರನ್ನೂ ಹೇಳಲಿಲ್ಲ. ಮಗನನ್ನು ಒಂದೇ ಮಾತು ಕೇಳಿದರು, "ಆ ಮೇಷ್ಟ್ರ ಮನೆಗೆ ಹೋಗಿದ್ದೇನ್ಲಾ?" ಮಗ ಇಲ್ಲವೆಂದು ತಲೆಯಾಡಿಸಿದ. ವರದರಾಜ ಮ್ಯಾಜಿಸ್ಟ್ರೇಟರ ಮುಂದೆ ಎಲ್ಲವನ್ನೂ ಹೇಳಿಕೆಯಾಗಿ ಕೊಟ್ಟ.

ಕಳವಿನ ಪ್ರಕರಣ ಮಾತ್ರ ಹಾಗೇ ಇತ್ತು. ಏಪ್ರಿಲ್ 22ರಂದು ಅದರಲ್ಲೂ ಜಾಮೀನು ಪಡೆದು ವಿಚಾರಣೆಗೆ ಬಂದ ರಾಘವ ನ್ಯಾಯಾಲಯದ ಕಾರಿಡಾರಿನ ಬೆಂಚಿನ ಮೇಲೆ ಕುಳಿತಿದ್ದ. ವಿಶಾಖಾ ಅವನ ಪಕ್ಕದಲ್ಲಿ ನಿಂತರು.

"ಒಂದು ಕೇಳ್ತೀನಿ. ಶಿಕ್ಷೆ ತಪ್ಪಿಸ್ಕೊಳ್ಳೋಕೇನಾ ಇದನ್ನ ಮಾಡಿದ್ದು?"

ರಾಘವ ಅಲ್ಲವೆಂದು ತಲೆಯಾಡಿಸಿದ. "ಮೊದಲ ವಾಯಿದೆ ದಿನ ಮೇಷ್ಟ್ರ ಹೆಂಡತಿ ಬಂದಿದ್ರು, ಭಾಗೀರಥಮ್ಮ. ಬೈಲಿಲ್ಲ, ಅಳ್ಲಿಲ್ಲ. 'ಅಷ್ಟು ಅವಸರ ಏನಿತ್ತಪ್ಪಾ ನಿಂಗೆ?' ಅಂದ್ರು. ನನಗೆ ಅವಸರ ಇರ್ಲಿಲ್ಲ ಅಂತ ಹೇಳ್ಬೇಕು ಅನ್ನಿಸ್ತು. ಆದ್ರೆ ನನಗೇ ಗ್ಯಾರಂಟಿ ಇರ್ಲಿಲ್ಲ ಮೇಡಂ. ಹದಿನಾಲ್ಕು ವರ್ಷ ಗಾಡಿ ಓಡಿಸಿದೀನಿ. ಆ ಒಂದು ಕ್ಷಣ ಕಾಲು ಎಷ್ಟು ಒತ್ತಿತು ಅಂತ ಎಷ್ಟು ಯೋಚ್ನೆ ಮಾಡಿದ್ರೂ ನೆನಪಾಗ್ಲಿಲ್ಲ. ಅದು ಗೊತ್ತಾಗ್ಬೇಕಿತ್ತು."

ಪ್ರಯೋಗಾಲಯದ ವರದಿ ಹಿಂದಿನ ಸಂಜೆ ಬಂದಿತ್ತು. ವಿಶಾಖಾ ಅದರ ಎರಡನೆಯ ಪುಟವನ್ನು ನೆನಪಿಸಿಕೊಂಡು ನಿಧಾನವಾಗಿ ಹೇಳಿದರು. ಡಿಕ್ಕಿಯ ಕ್ಷಣದ ದಾಖಲೆ ಪೆಟ್ಟಿಗೆಯಲ್ಲಿ ಉಳಿದಿದೆ. ಅವನ ಕಾಲು ಪೆಡಲನ್ನು ಒತ್ತಿದ್ದು ಶೇಕಡಾ ಇಪ್ಪತ್ತೆರಡು. ಎಂಜಿನ್ ಕೊಟ್ಟದ್ದು ತನ್ನ ಬಲದ ಶೇಕಡಾ ತೊಂಬತ್ತೊಂದು.

ರಾಘವ ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟು ಕುಳಿತ. ಮುಖದಲ್ಲಿ ಗೆಲುವೇನೂ ಕಾಣಲಿಲ್ಲ.

"ಇಪ್ಪತ್ತೆರಡು," ಎಂದ. ತಲೆಯೆತ್ತಿ ಕೇಳಿದ, "ಭಾಗೀರಥಮ್ಮನೋರಿಗೆ ಇದನ್ನ ಯಾರಾದ್ರೂ ಹೇಳ್ತಾರಾ ಮೇಡಂ?"

"ಸಾಯಂಕಾಲ ನಾನೇ ಹೋಗ್ತೀನಿ."

"ಅವಸರ ಇರ್ಲಿಲ್ಲ ಅಂತ ಮಾತ್ರ ಹೇಳಿ. ತಪ್ಪಿಲ್ಲ ಅಂತ ಹೇಳ್ಬೇಡಿ. ಸ್ಟೀರಿಂಗ್ ನನ್ನ ಕೈಲಿತ್ತು."

ಒಳಗಿನಿಂದ ಅವನ ಹೆಸರು ಕೂಗಿದರು. ರಾಘವ ಎದ್ದು ಅಂಗಿ ಸರಿಮಾಡಿಕೊಂಡು, ಕಳ್ಳತನದ ಆರೋಪಕ್ಕೆ ಉತ್ತರ ಹೇಳಲು ಒಳಗೆ ನಡೆದ.